ಗಾಳ ಹಾಕುವ ಮುನ್ನ ನೀರಿನ ಬಿಸಿ ನೋಡಿ

ಗುಂಡ್ಲುಪೇಟೆಯಲ್ಲಿ ಊಟಿ ಬಸ್ಸು ಹತ್ತಿದವರು ಬಂಡೀಪುರ, ಮುದುಮಲೈ ಕಾಡುಗಳನ್ನು ದಾಟಿ ಘಟ್ಟ ಏರತೊಡಗಿದಾಗ ಕಿಟಕಿ ಮುಚ್ಚಿ ಸ್ವೆಟರ್ ಹಾಕಿಕೊಳ್ಳುತ್ತಾರೆ. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಊಟಿ ಸುಮಾರು 2,240 ಮೀಟರ್. ಸಾವಿರ ಮೀಟರ್ ಏರಿದರೆ ವಾಯುವಿನ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಲೆಕ್ಕ ಹಾಕಿದರೆ ಎರಡೂ ಊರುಗಳ ನಡುವಿನ ಅಂತರ ಒಂಬತ್ತು ಡಿಗ್ರಿಗೂ ಹೆಚ್ಚು. ಮನುಷ್ಯನಿಗೆ ಇದು ಒಂದು ಸ್ವೆಟರಿನ ಮಾತು. ಟ್ರೌಟ್ ಮೀನಿಗೆ ಸಾವು ಬದುಕಿನ ಮಾತು.

ಟ್ರೌಟ್ ನಮ್ಮ ನಾಡಿನ ಮೀನಲ್ಲ. ಇಂಗ್ಲಿಷರು ತಮ್ಮ ಗಾಳದ ಶೋಕಿಗಾಗಿ ಅದನ್ನು ಹಡಗಿನಲ್ಲಿ ತರಿಸಿದರು. ಭಾರತದ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ನೀಲಗಿರಿಯಲ್ಲಿ ಪ್ರಯತ್ನಿಸಿ ಸೋತರು. ಕೊನೆಗೆ ಎಚ್. ಸಿ. ವಿಲ್ಸನ್ ಊಟಿಯ ಬಳಿಯ ಅವಲಾಂಚಿಯಲ್ಲಿ 1907ರಲ್ಲಿ ಮರಿ ಉತ್ಪಾದನಾ ಕೇಂದ್ರ ತೆರೆದರು. ಅಲ್ಲಿನ ತಣ್ಣನೆಯ ಹೊಳೆಗಳಲ್ಲಿ ಬೇರೂರಿದ್ದು ಕಾಮನಬಿಲ್ಲು ಟ್ರೌಟ್, ಅಂದರೆ ರೇನ್‌ಬೋ ಟ್ರೌಟ್.

ನಮ್ಮ ಕೆರೆಗಳ ಕಾಟ್ಲಾ, ರೋಹು ಮೀನುಗಳ ಸಂತಾನೋತ್ಪತ್ತಿಗೆ 25ರಿಂದ 30 ಡಿಗ್ರಿಯ ಬೆಚ್ಚಗಿನ ನೀರು, ಮುಂಗಾರಿನ ಹೊಸನೀರಿನ ಸೆಳವು ಬೇಕು. ಟ್ರೌಟ್‌ನದು ಇದಕ್ಕೆ ತಲೆಕೆಳಗು. ಹಗಲು ಕಿರಿದಾಗುತ್ತ ಬಂದಂತೆ ಅದರ ದೇಹದಲ್ಲಿ ಮೊಟ್ಟೆಗಳು ಬಲಿಯುತ್ತವೆ. ಚಳಿಗಾಲದಲ್ಲಿ, ನೀರು 10-12 ಡಿಗ್ರಿಗೆ ಇಳಿದಾಗ, ಹೆಣ್ಣು ಮೀನು ಬಾಲದಿಂದ ನೊರಜುಕಲ್ಲುಗಳನ್ನು ತೋಡಿ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಕಾಲದ ಸುಳಿವು ಕೊಡುವುದು ಹಗಲಿನ ಉದ್ದ. ಮೊಟ್ಟೆ ಉಳಿಯುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ನೀರಿನ ಉಷ್ಣಾಂಶ.

ಮೊಟ್ಟೆಯೊಡೆದು ಮರಿ ಹೊರಬರಲು ಹಿಡಿಯುವ ಅವಧಿಯೂ ನೀರಿನ ಬಿಸಿಯ ಲೆಕ್ಕವೇ. ಸುಮಾರು 4.5 ಡಿಗ್ರಿಯಲ್ಲಿ 80 ದಿನ, 10 ಡಿಗ್ರಿಯಲ್ಲಿ 31 ದಿನ, 15.5 ಡಿಗ್ರಿಯಲ್ಲಿ 19 ದಿನ. ವಿದ್ಯಾರ್ಥಿಗಳು ಈ ಮೂರು ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ಸರಳ ರೇಖೆ ಬರುವುದಿಲ್ಲ, ಬಾಗಿದ ರೇಖೆ ಬರುತ್ತದೆ. ಹಾಗಾದರೆ ಬೆಚ್ಚಗಿನ ನೀರೇ ಲಾಭವಲ್ಲವೇ ಎಂದು ಯಾರಾದರೂ ಕೇಳಬಹುದು. ಲಾಭವಲ್ಲ. 13 ಡಿಗ್ರಿ ದಾಟಿದ ಮೇಲೆ ಕೆಟ್ಟುಹೋಗುವ ಮೊಟ್ಟೆಗಳ ಸಂಖ್ಯೆ ಏರುತ್ತ ಹೋಗುತ್ತದೆ.

ಬೆಳೆದ ಟ್ರೌಟ್ 13ರಿಂದ 17 ಡಿಗ್ರಿಯಲ್ಲಿ ಚೆನ್ನಾಗಿ ತಿಂದು ಕೊಬ್ಬುತ್ತದೆ. 20 ದಾಟಿದರೆ ಕಂಗಾಲಾಗುತ್ತದೆ. 25ರ ಆಸುಪಾಸಿನಲ್ಲಿ ಸಾಯುತ್ತದೆ. ಕಾರಣದಲ್ಲಿ ಆಮ್ಲಜನಕದ ಪಾಲು ದೊಡ್ಡದು. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 11.3 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. 20 ಡಿಗ್ರಿಯಲ್ಲಿ 9.1 ಮಾತ್ರ. ಊಟಿಯ ಎತ್ತರದಲ್ಲಿ ವಾಯುಭಾರವೇ ಕಡಿಮೆ, ಹಾಗಾಗಿ ಅಲ್ಲಿ ಈ ಅಂಕಿಗಳಿಂದ ಇನ್ನೂ ಕಾಲುಭಾಗದಷ್ಟು ಕಳೆಯಬೇಕು. ಇತ್ತ ನೀರು ಬಿಸಿಯಾದಷ್ಟೂ ಮೀನಿನ ದೇಹಕ್ಕೆ ಆಮ್ಲಜನಕ ಹೆಚ್ಚು ಬೇಕು. ಆದಾಯ ಇಳಿದು ಖರ್ಚು ಏರಿದ ಸಂಸಾರದಂತಾಗುತ್ತದೆ ಅದರ ಪಾಡು.

ಗಾಳ ಹಾಕುವವರು ಇಲ್ಲಿ ಬರುತ್ತಾರೆ. ಗಾಳಕ್ಕೆ ಸಿಕ್ಕಿದ ಮೀನು ಹತ್ತು ನಿಮಿಷ ಗುದ್ದಾಡಿದರೆ ಅದರ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ನೂರು ಮೀಟರ್ ಓಡಿ ಬಂದ ಹುಡುಗ ಏದುಸಿರು ಬಿಡುವಂತೆ ಮೀನೂ ಆ ಸಾಲ ತೀರಿಸಬೇಕು. ತಣ್ಣೀರಾದರೆ ತೀರಿಸುತ್ತದೆ. ಬಿಸಿನೀರಾದರೆ, ‘ಬಿಟ್ಟೆವು, ಈಜಿ ಹೋಯಿತು’ ಎಂದು ಗಾಳದವರು ಸಂತೋಷಪಡುತ್ತಾರೆ. ಮೀನು ಮರೆಗೆ ಹೋಗಿ ಕೆಲವು ಗಂಟೆಗಳ ನಂತರ ಸಾಯುತ್ತದೆ. ಆದ್ದರಿಂದಲೇ ಅನೇಕ ದೇಶಗಳ ತಿಳಿದ ಗಾಳಗಾರರು ಚೀಲದಲ್ಲಿ ಉಷ್ಣಮಾಪಕ ಇಟ್ಟುಕೊಳ್ಳುತ್ತಾರೆ. ಹೊಳೆಯ ನೀರು 20 ಡಿಗ್ರಿಯ ಹತ್ತಿರ ಬಂದರೆ ಗಾಳ ಸುತ್ತಿಟ್ಟು ಮನೆಗೆ ಹೊರಡುತ್ತಾರೆ. ಹಿಂಬದಿ ಮುಳ್ಳಿಲ್ಲದ ಕೊಕ್ಕೆ ಬಳಸುತ್ತಾರೆ, ಬೇಗ ಎಳೆದು ಬೇಗ ಬಿಡುತ್ತಾರೆ. ಒಣಗೈಯಲ್ಲಿ ಮೀನನ್ನು ಹಿಡಿದರೆ ಮೈಮೇಲಿನ ರಕ್ಷಣೆಯ ಲೋಳೆ ಕಿತ್ತು ಬರುತ್ತದೆ, ಹಾಗಾಗಿ ಕೈ ಒದ್ದೆ ಮಾಡಿಕೊಳ್ಳುತ್ತಾರೆ. ಮೊಟ್ಟೆ ಇಡುವ ಕಾಲದಲ್ಲಿ ನೊರಜುಕಲ್ಲಿನ ಹಾಸಿನ ಮೇಲೆ ಕಾಲಿಡುವುದಿಲ್ಲ.

ಇದೆಲ್ಲ ಊಟಿಯವರ ಕಥೆ, ನಮಗೇನು ಎನ್ನುವಂತಿಲ್ಲ. ನೀಲಗಿರಿಯ ಮೇಲೆ ಹುಟ್ಟುವ ಪೈಕಾರಾ ಹೊಳೆ ಕೆಳಗಿಳಿದು ಮೋಯಾರ್ ಎಂಬ ಹೆಸರು ಪಡೆದು, ಬಂಡೀಪುರ ಮತ್ತು ಮುದುಮಲೈ ಕಾಡುಗಳ ನಡುವೆ ಗುಂಡ್ಲುಪೇಟೆ ತಾಲ್ಲೂಕಿನ ಗಡಿಯಾಗಿ ಹರಿಯುತ್ತದೆ. ಮೇಲಿನ ತಣ್ಣೀರು ಟ್ರೌಟ್‌ನದು. ಕೆಳಗಿನ ಬೆಚ್ಚನೆಯ ನೀರು ನಮ್ಮದೇ ಮಹಶೀರ್, ಅಂದರೆ ಬಿಳಿಮೀನಿನದು. ಅದರಲ್ಲೂ ಬೆನ್ನುಬ್ಬಿದ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. 2018ರಲ್ಲಿ ವಿಜ್ಞಾನಿಗಳು ಬೆನ್ನುಬ್ಬಿದ ಮಹಶೀರ್‌ಗೆ ಟಾರ್ ರೇಮಾದೇವಿ ಎಂಬ ಹೆಸರನ್ನು ಖಚಿತಪಡಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅದು ಉಳಿದಿರುವ ಕೆಲವೇ ಹೊಳೆಗಳಲ್ಲಿ ಮೋಯಾರ್ ಒಂದು.

ಈ ಕುಸಿತ ತಿಳಿದುಬಂದದ್ದರಲ್ಲಿ ಗಾಳದವರ ಪಾತ್ರವಿದೆ ಎನ್ನುವುದು ವಿಚಿತ್ರ. ಕಾವೇರಿಯ ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಮರಳಿ ಬಿಟ್ಟ 6,161 ಮಹಶೀರ್‌ಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅದನ್ನು ಪರಿಶೀಲಿಸಿದಾಗ ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚುತ್ತಿರುವುದೂ ಬೆನ್ನುಬ್ಬಿದ್ದು ಕಾಣೆಯಾಗುತ್ತಿರುವುದೂ ಗೊತ್ತಾಯಿತು.

ಬಂಡೀಪುರದ ಕಾಡಿನೊಳಗೆ ಮೀನು ಹಿಡಿಯುವುದು ಅಪರಾಧ. ಆದರೆ ಊರ ಕೆರೆಯ ನೀರನ್ನು ಅಳೆಯಲು ಯಾರ ಅಡ್ಡಿಯೂ ಇಲ್ಲ. ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು, ಶಾಲೆಯ ಪ್ರಯೋಗಾಲಯದ ಉಷ್ಣಮಾಪಕವನ್ನು ದಾರಕ್ಕೆ ಕಟ್ಟಿ ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಇಳಿಬಿಡಬೇಕು. ಜ್ವರ ನೋಡುವ ಉಷ್ಣಮಾಪಕ ಇದಕ್ಕಾಗದು. ಅದರ ಅಂಕಿ ಶುರುವಾಗುವುದೇ 35ರಿಂದ. ಡಿಸೆಂಬರಿನ ಅಂಕಿ ಮತ್ತು ಮೇ ತಿಂಗಳ ಅಂಕಿಗಳನ್ನು ಅಕ್ಕಪಕ್ಕ ಬರೆದರೆ, ಆ ಕೆರೆಯಲ್ಲಿ ಟ್ರೌಟ್ ಏಕೆ ಬದುಕದು, ಕಾಟ್ಲಾ ಏಕೆ ಬದುಕುತ್ತದೆ ಎಂಬುದು ಮಕ್ಕಳಿಗೆ ತಾನಾಗಿಯೇ ಕಾಣುತ್ತದೆ.