ಮೇಲೆ ಕಬ್ಬಿನ ಗಾಡಿ, ಕೆಳಗೆ ಊರಿನ ನೀರು

ಕಬ್ಬಿನ ಹಂಗಾಮು ಶುರುವಾದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಾದಿಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳದೇ ಸಾಲು. ಎಲ್ಲರೂ ಮೇಲಿನ ಕಬ್ಬು ನೋಡುತ್ತಾರೆ. ಸಿವಿಲ್ ಡಿಪ್ಲೊಮಾ ಮುಗಿಸಿ ಪೈಪ್‌ಲೈನ್ ಕೆಲಸಕ್ಕೆ ಸೇರಿದ ಮೇಲೆ ನನ್ನ ಕಣ್ಣು ಗಾಲಿಯ ಕೆಳಗೇ ಹೋಗುತ್ತದೆ.

ನೆಲದೊಳಗೆ ಏನಿಲ್ಲ ಹೇಳಿ! ಮನೆ ಮನೆಗೆ ನೀರು ಕೊಡುವ ಜಲಜೀವನ್ ಪೈಪು, ರೈತರ ಪಿವಿಸಿ, ಇಂಟರ್ನೆಟ್ ಕೇಬಲ್. ನವಿಲುತೀರ್ಥದ ರೇಣುಕಾಸಾಗರದ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಹುಬ್ಬಳ್ಳಿ–ಧಾರವಾಡ ಸೇರುವುದೂ ಕೊಳವೆಯಲ್ಲೇ. 2013ರಲ್ಲಿ ಶುರುವಾದ ದಾಭೋಳ್–ಬೆಂಗಳೂರು ಅನಿಲ ಕೊಳವೆ ನಮ್ಮ ಜಿಲ್ಲೆ ಹಾದೇ ಹೋಗುತ್ತದೆ.

ಗಾಡಿ ಪೈಪಿನ ಮೇಲೆ ದಾಟಬೇಕೆಂದರೆ ಮೊದಲ ಪ್ರಶ್ನೆ ಯಾವಾಗಲೂ ‘ಒಟ್ಟು ಎಷ್ಟು ಟನ್?’ ನನ್ನ ಪ್ರಕಾರ ಅದು ಅರ್ಧ ಪ್ರಶ್ನೆ. ಪೈಪಿಗೆ ತಾಗುವುದು ಆ ಕ್ಷಣ ತನ್ನ ಮೇಲಿರುವ ಆ್ಯಕ್ಸಲ್‌ನ ಭಾರ. 2018ರ ಕೇಂದ್ರದ ನಿಯಮದಂತೆ ಲಾರಿಯಲ್ಲಿ ನಾಲ್ಕು ಟೈರಿನ ಒಂದು ಆ್ಯಕ್ಸಲ್‌ಗೆ ಮಿತಿ 11.5 ಟನ್. ಅಂದರೆ ಒಂದು ಬದಿಯ ಜೋಡಿ ಟೈರಿಗೆ 5.75 ಟನ್. ಮಣ್ಣಿನಲ್ಲಿ ಇಳಿದಂತೆ ಈ ಭಾರ ಛತ್ರಿಯಂತೆ ಹರಡುತ್ತದೆ: ಎರಡು ಅಡಿ ಇಳಿದರೆ ಪ್ರತಿ ಬದಿಗೂ ಒಂದು ಅಡಿ ಎಂಬುದು ಒರಟು ಲೆಕ್ಕ. ಟೈರುಗಳು ನೆಲಕ್ಕೆ ತಾಗುವ ಜಾಗ ಅರ್ಧ ಮೀಟರ್ ಅಗಲ, ಕಾಲು ಮೀಟರ್ ಉದ್ದ ಎಂದುಕೊಳ್ಳಿ. 30 ಸೆಂ.ಮೀ. ಆಳದ ಪೈಪಿನ ಮೇಲೆ ಚದರ ಮೀಟರಿಗೆ ಸುಮಾರು 13 ಟನ್ ಬೀಳುತ್ತದೆ, 90 ಸೆಂ.ಮೀ. ಆಳದಲ್ಲಿ ಬರೀ ಮೂರೂವರೆ. ಗಾಡಿ ಅದೇ! ಗುಂಡಿಗೆ ಬಿದ್ದು ಕುಪ್ಪಳಿಸಿದರೆ ಇನ್ನಷ್ಟು ಕೂಡಿಸಬೇಕು.

ಹಾಗಾಗಿ ಆಳ ಅಳೆಯಬೇಕು, ಅದೂ ದಾಟುವ ಜಾಗದಲ್ಲೇ. ಕಳೆದ ಹಂಗಾಮಿನಲ್ಲಿ ಬೈಲಹೊಂಗಲದ ಹತ್ತಿರ ಒಂದು ಹೊಲದ ದಾರಿಯಲ್ಲಿ ನಕ್ಷೆ ಒಂದು ಮೀಟರ್ ಎನ್ನುತ್ತಿತ್ತು. ಜೆಸಿಬಿ ಬಿಟ್ಟು ಸಲಿಕೆಯಿಂದ ಅಗೆದು ನೋಡಿದರೆ ಪಿವಿಸಿ ಪೈಪು 40 ಸೆಂ.ಮೀ.ಗೇ ಸಿಕ್ಕಿತು. ನಡುವೆ ಯಾರೋ ದಾರಿ ಕೆರೆದು ಸಮ ಮಾಡಿದ್ದರು.

“ನಿನ್ನೆ ಮೂರು ಗಾಡಿ ಹೋದೂವಲ್ಲೋ ತಮ್ಮಾ, ಏನಾತು?” ಎಂದರು ಡ್ರೈವರ್.

“ಪೈಪ್ ಒಮ್ಮೆಲೇ ಒಡ್ಯೂದಿಲ್ಲ ಕಾಕಾ. ಮೊದಲ ಮೊಟ್ಟಿಗತೆ ಚಪ್ಪಟಿ ಆಗ್ತೈತಿ, ಆಮ್ಯಾಲೆ ಜಾಯಿಂಟ್ ಬಿಡ್ತೈತಿ.”

ಅದು ಊರಿನ ಟ್ಯಾಂಕಿಗೆ ಹೋಗುವ ಏಕೈಕ ಲೈನು. ಮೇಲಾಗಿ ನಮ್ಮದು ಎರೆ ನೆಲ. ಒಣಗಿದರೆ ಕಲ್ಲು, ನೆನೆದರೆ ಬೆಣ್ಣೆ. ಗಾಲಿ ಒಂದು ಅಡಿ ಹೂತರೆ ಪೈಪಿನ ಮೇಲಿನ ಮಣ್ಣೂ ಒಂದು ಅಡಿ ಕಡಿಮೆ. ಗರಸು ಹಾಕಿ ಎರಡು ಅಡಿ ಎತ್ತರಿಸಿ, ರೋಲರ್ ಹೊಡೆದು, ಮೇಲೆ ದಪ್ಪ ಕಬ್ಬಿಣದ ಪ್ಲೇಟ್ ಹಾಸಿದೆವು. ನೇರ ಅಡ್ಡಲಾಗಿ, ನಿಧಾನ, ನಿಲ್ಲಿಸದೆ ದಾಟಿ ಎಂದೆವು. ಸಂಜೆಯೊಳಗೆ ಎಲ್ಲ ಗಾಡಿಗಳೂ ಹೋದವು. ಡ್ರೈವರ್ ಕಾಕಾ ಮಾತ್ರ ಕೊನೆಯವರೆಗೂ ಗೊಣಗುತ್ತಲೇ ಇದ್ದರು.

ಅನಿಲ ಕೊಳವೆ ಅಥವಾ ಹೈಟೆನ್ಶನ್ ಕೇಬಲ್ ಇದ್ದರೆ ಇಂಥ ಸ್ವಂತ ಲೆಕ್ಕ ಬೇಡವೇ ಬೇಡ. ಅದರ ಸಂಸ್ಥೆಯ ಲಿಖಿತ ಒಪ್ಪಿಗೆ ಬರುವವರೆಗೆ ಗಾಡಿ ಆಚೆಯೇ ನಿಲ್ಲಲಿ. ಅಗೆಯುವ ಮುನ್ನ ಪೈಪು, ಕೇಬಲ್ ಮಾಲೀಕರಿಗೆ ತಿಳಿಸಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಸಿವಿಲ್ ಕೆಲಸ ಹುಡುಕುತ್ತಿರುವವರು ಸಂದರ್ಶನಕ್ಕೆ ಹೋಗುವ ಮೊದಲೇ ಅದನ್ನು ಒಮ್ಮೆ ತೆರೆದು ನೋಡಿ.