ಒಲೆ ಆರದ ಊರು ಆನೆಗೊಂದಿ

ತುಂಗಭದ್ರೆಯ ಬಲದಂಡೆಯಲ್ಲಿ ಹಂಪಿ, ಎಡದಂಡೆಯಲ್ಲಿ ಆನೆಗೊಂದಿ. ಹಂಪಿಯ ಅರಮನೆ ಆವರಣದಲ್ಲಿ ಉಳಿದಿರುವುದು ಬಹುಪಾಲು ಅಡಿಪಾಯ, ಹುಲ್ಲುಹಾಸು ಮತ್ತು ಪುರಾತತ್ವ ಇಲಾಖೆಯ ಫಲಕ. ಈ ದಂಡೆಯ ಆನೆಗೊಂದಿಯಲ್ಲಿ ಕೋಟೆಬಾಗಿಲು ದಾಟಿದರೆ ಸಾರಿಸಿದ ಅಂಗಳ, ಕಟ್ಟೆಯ ಮೇಲೆ ಕುಳಿತ ಹಿರಿಯರು, ಪಡಸಾಲೆಯಲ್ಲಿ ಬಾಳೆನಾರು ಹೊಸೆಯುತ್ತ ಮಾತಿಗಿಳಿದ ಹೆಂಗಸರು ಕಾಣುತ್ತಾರೆ. ವಿಜಯನಗರ ಕಟ್ಟುವ ಮೊದಲೇ ಇದ್ದ ಊರು ಇದು. ವಿಜಯನಗರ ಹಾಳಾದ ಮೇಲೂ ಉಳಿದುಕೊಂಡಿತು.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಈ ಹಳ್ಳಿಯತ್ತ ಬರುವ ಹೆಚ್ಚಿನವರು ಅಂಜನಾದ್ರಿಯ ಮೆಟ್ಟಿಲು ಹತ್ತಿ, ಪಂಪಾ ಸರೋವರಕ್ಕೆ ಕೈಮುಗಿದು, ಹೊಳೆ ದಾಟಿ ಹೋಗಿಬಿಡುತ್ತಾರೆ. ಊರೊಳಗೆ ಒಂದು ದಿನ ತಂಗಿದವರಿಗೆ ಮಾತ್ರ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಹಳೆಯ ಕಟ್ಟಡಕ್ಕೆ ಕಾವಲುಗಾರನಿಗಿಂತ ಅದರಲ್ಲಿ ಒಲೆ ಹಚ್ಚುವ ಸಂಸಾರವೇ ದೊಡ್ಡ ರಕ್ಷಣೆ.

ಚೌಕದಿಂದ ಹೊಳೆಯವರೆಗೆ

ಊರ ನಡುವಿನ ಚೌಕದಲ್ಲಿ ರಂಗನಾಥಸ್ವಾಮಿ ಗುಡಿ, ಮರದ ತೇರು, ಗಗನ ಮಹಲ್. ಅರವೀಡು ವಂಶದ ಕುಡಿಗಳೆಂದು ಗುರುತಿಸಿಕೊಳ್ಳುವ ರಾಜಮನೆತನದ ನಂಟು ಊರಿನೊಂದಿಗೆ ಇನ್ನೂ ಕಡಿದಿಲ್ಲ. ಹೊಳೆಯ ಕಡೆ ನಡೆದರೆ ಹುಚ್ಚಪ್ಪಯ್ಯನ ಮಠ ಸಿಗುತ್ತದೆ. ಅಲ್ಲಿನ ನುಣುಪಾದ ಕರಿಕಲ್ಲಿನ ಕಂಬಗಳದು ಚಾಲುಕ್ಯರ ಕಾಲದ ಶೈಲಿ. ಕತ್ತೆತ್ತಿದರೆ ಚಾವಣಿಯಲ್ಲಿ ಅಲ್ಲಲ್ಲಿ ಬಣ್ಣ ಮಾಸಿದ ಚಿತ್ರಗಳು. ಊರಿನದೇ ಚಿಂತಾಮಣಿ ಮಠದ ಬಳಿ, ರಾಮ ವಾಲಿಗೆ ಬಾಣ ಬಿಟ್ಟದ್ದು ಇಲ್ಲಿಂದಲೇ ಎಂದು ಊರವರು ಜಾಗ ತೋರಿಸುತ್ತಾರೆ.

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನ ಬುಟ್ಟಿಯಂಥ ದುಂಡನೆಯ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದರೆಂದೂ ಆ ದೋಣಿಗಳಿಗೆ ಹೊರಗಿನಿಂದ ತೊಗಲು ಹೊದಿಸಿರುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. ಇಂದಿನ ಹರಿಗೋಲಿಗೆ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ; ಬಿದಿರು ಹೆಣೆಯುವ ಕೈಕೆಲಸ ಹಾಗೇ ಇದೆ.

ಈ ಸೀಮೆಯ ಚರಿತ್ರೆ ವಿಜಯನಗರದಿಂದ ಶುರುವಾಗುವುದೂ ಇಲ್ಲ. ಹತ್ತಿರದ ಒನಕೆ ಕಿಂಡಿಯ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಗಂಗಾವತಿ ತಾಲ್ಲೂಕಿನದೇ ಹಿರೇಬೆಣಕಲ್ ಗುಡ್ಡದಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ನೂರಾರು ಶಿಲಾಸಮಾಧಿಗಳಿದ್ದು, 2021ರಲ್ಲಿ ಅವು ಯುನೆಸ್ಕೊದ ಸಂಭಾವ್ಯ ಪಟ್ಟಿಗೆ ಸೇರಿವೆ. ವಿಜಯನಗರದ ಕಾಲದ ಕಾಲುವೆಗಳಲ್ಲಿ ಈಗಲೂ ನೀರು ಹರಿಯುತ್ತದೆ, ಆ ನೀರಿನಲ್ಲೇ ಇಲ್ಲಿನ ಭತ್ತ, ಬಾಳೆ ಬೆಳೆಯುತ್ತವೆ. ಬಳಕೆಯಲ್ಲಿದ್ದರೆ ಬಾಳಿಕೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೇಲ್ಮುದ್ದೆಯ ಲೆಕ್ಕ

ಗುಡಿ, ಮಠ, ಮಹಲುಗಳಿಗೆ ಹೇಗೋ ಸರ್ಕಾರದ ಕಣ್ಣಿದೆ. ಆನೆಗೊಂದಿಯ ನಿಜವಾದ ಸವಾಲು ಸಾಮಾನ್ಯರ ಮನೆಗಳದು. ಇಲ್ಲಿನ ಹಳೆಯ ಮಾಳಿಗೆ ಮನೆ ಕಲ್ಲು ಮತ್ತು ಮಣ್ಣಿನದು. ಗೋಡೆ ದಪ್ಪ, ಕಿಟಕಿ ಕಿರಿದು. ಮರದ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯೋ ಕಟ್ಟಿಗೆಯೋ, ಅದರ ಮೇಲೆ ಸೊಪ್ಪಿನ ಪದರ, ಕೊನೆಗೆ ಮಣ್ಣು. ಇದೇ ಮೇಲ್ಮುದ್ದೆ. ನಡುವೆ ಬೆಳಕಿಗೊಂದು ಬೆಳಕಿಂಡಿ. ಈ ಭಾಗದ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗಲೂ ಒಳಗೆ ಫ್ಯಾನಿಲ್ಲದೆ ಮಧ್ಯಾಹ್ನದ ನಿದ್ದೆ ಮಾಡಬಹುದು.

ಮಳೆಗಾಲಕ್ಕೆ ಮೊದಲು ಮಾಳಿಗೆಯ ಮೇಲೆ ಕರಲು ಮಣ್ಣು ಹರಡುವುದು ಈ ಸೀಮೆಯ ಹಳೆಯ ವಾಡಿಕೆ. ಹೊಲದಲ್ಲಿ ಬೆಳೆಗೆ ಬಾರದ ಈ ಮಣ್ಣು ಮನೆಯ ಮೇಲೆ ಬಂಗಾರ. ಅದರಲ್ಲಿರುವ ಸೋಡಿಯಂ ಅಂಶದಿಂದಾಗಿ ಮೊದಲ ಹನಿ ಬಿದ್ದೊಡನೆ ಕಣಗಳು ಬಿಡಿಬಿಡಿಯಾಗಿ ಸಂದಿಗೊಂದಿ ತುಂಬಿಕೊಳ್ಳುತ್ತವೆ, ಮೇಲ್ಪದರ ಮುಚ್ಚಿಕೊಳ್ಳುತ್ತದೆ, ನೀರು ಒಳಗಿಳಿಯದೆ ಮಾಳಿಗೆಯಂಚಿನ ದೋಣಿಯ ದಾರಿ ಹಿಡಿಯುತ್ತದೆ. ಆದರೆ ಇದೊಂದು ಷರತ್ತಿನ ಮೇಲೆ ನಡೆಯುವ ವ್ಯವಸ್ಥೆ. ವರ್ಷಕ್ಕೊಮ್ಮೆ ಮಣ್ಣು ಹಾಕಬೇಕು, ಮಳೆ ನಿಂತ ಮೇಲೆ ಮಾಳಿಗೆಯ ಕಳೆ ಕೀಳಬೇಕು, ಇಲಿ ಬಿಲ ತೋಡಿದರೆ ತುಂಬಬೇಕು. ಬೀಗ ಹಾಕಿ ಬೆಂಗಳೂರಿಗೆ ದುಡಿಯಲು ಹೋದವರ ಮನೆಯಲ್ಲಿ ಇದನ್ನು ಮಾಡುವವರು ಯಾರು? ಎರಡು ಮಳೆಗಾಲ ನೀರು ಇಳಿದರೆ ಜಂತಿ ಕೊಳೆಯುತ್ತದೆ, ಮೂರನೆಯದಕ್ಕೆ ಮಾಳಿಗೆ ಕೂರುತ್ತದೆ.

ಇನ್ನು ಸಿಮೆಂಟು. ಮಣ್ಣಿನ ಗೋಡೆ ತೇವ ಹೀರಿ, ತೇವ ಬಿಡುತ್ತದೆ. ಗಟ್ಟಿಯಾಗಲಿ ಎಂದು ಮೇಲೆ ಸಿಮೆಂಟ್ ಗಿಲಾವು ಮಾಡಿಸಿದರೆ ಒಳಗಿನ ತೇವಕ್ಕೆ ಹೊರದಾರಿ ಇಲ್ಲದಂತಾಗಿ ಗೋಡೆ ಒಳಗಿಂದಲೇ ಸಡಿಲಾಗುತ್ತದೆ. ಸುಣ್ಣದ ಗಾರೆ ಉಸಿರಾಡುವುದರಿಂದ ಈ ತೊಂದರೆ ತರುವುದಿಲ್ಲ. ಹಳೆಯ ಮನೆ ರಿಪೇರಿಯಲ್ಲಿ ಹಣಕ್ಕಿಂತ ಮೊದಲು ಬೇಕಾದದ್ದು ಈ ತಿಳಿವಳಿಕೆ, ಮತ್ತು ಸುಣ್ಣ ಹದ ಮಾಡಬಲ್ಲ ಗಾರೆಯವರು.

ದುರಸ್ತಿಯೂ ದುಡಿಮೆಯೂ

1997ರಲ್ಲಿ ಕಲಾವಿದೆ ಶಮಾ ಪವಾರ್ ಇಲ್ಲಿ ಕಿಷ್ಕಿಂಧಾ ಟ್ರಸ್ಟ್ ಆರಂಭಿಸಿದರು. ಹಳೆಯ ಮನೆ ಉಳಿಸಿ ಎಂದು ಉಪದೇಶ ಮಾಡುವುದರಿಂದ ಏನೂ ಆಗದು, ಆ ಮನೆಯಲ್ಲಿದ್ದೇ ಬದುಕು ಸಾಗುವಂತಿರಬೇಕು ಎಂಬ ನೆಲೆಯಲ್ಲಿ ಕೆಲಸ ನಡೆಯಿತು. ಗೊನೆ ಕಡಿದ ಮೇಲೆ ರೈತರು ಬಿಸಾಡುತ್ತಿದ್ದ ಬಾಳೆದಿಂಡಿನಿಂದ ನಾರು ತೆಗೆದು, ಒಣಗಿಸಿ, ಹೊಸೆದು, ಚೀಲ, ಬುಟ್ಟಿ, ಚಾಪೆ ಮಾಡುವುದನ್ನು ಊರಿನ ಹೆಂಗಸರು ಕಲಿತರು. ಮನೆಗೆಲಸದ ಬಿಡುವಿನಲ್ಲಿ ಪಡಸಾಲೆಯಲ್ಲೇ ಕುಳಿತು ಮಾಡುವ ಕೆಲಸವಾದ್ದರಿಂದ ಅದು ಊರಿಗೆ ಒಗ್ಗಿತು.

ಮತ್ತೊಂದು ಕಡೆ ಪಾಳುಬೀಳುತ್ತಿದ್ದ ಕೆಲವು ಮನೆಗಳನ್ನು ಕಲ್ಲು, ಮಣ್ಣು, ಸುಣ್ಣಗಳಲ್ಲೇ ದುರಸ್ತಿ ಮಾಡಿ ಅತಿಥಿಗೃಹಗಳನ್ನಾಗಿಸಲಾಯಿತು. ಊರಮ್ಮನ ಹೆಸರಿನಲ್ಲಿ ನಡೆಯುವ ಈ ಮನೆಗಳಲ್ಲಿ ಉಳಿದುಕೊಳ್ಳುವವರಿಗೆ ಅಡುಗೆ ಊರಿನದು, ಕೆಲಸಗಾರರೂ ಊರಿನವರೇ. ಒಂದು ಮಾಳಿಗೆ ಮನೆಯಿಂದ ಆದಾಯ ಬರುವುದನ್ನು ಕಣ್ಣಾರೆ ಕಂಡರೆ ಪಕ್ಕದ ಮನೆಯವರು ತಮ್ಮದನ್ನು ಕೆಡವುವ ಮೊದಲು ಒಮ್ಮೆ ಯೋಚಿಸುತ್ತಾರೆ. ಇಂಥ ಕಡೆ ನಿಯಮಕ್ಕಿಂತ ನೆರೆಮನೆಯ ಉದಾಹರಣೆ ಬೇಗ ಹಬ್ಬುತ್ತದೆ.

ಆಚೆ ದಂಡೆಯ ಪಾಠ

ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಆನೆಗೊಂದಿಗೆ ಹೋಗಲು ಹೊಳೆಗೆ ಸೇತುವೆ ಕಟ್ಟಲು ಹೊರಟಾಗ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. 2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ಬಂತು. 2006ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ತೆಗೆದರು. ಅರ್ಧಕ್ಕೆ ನಿಂತು ಮತ್ತೆ ಶುರುವಾಗಿದ್ದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಜೀವ ತೆತ್ತರು. ಪರಂಪರೆಯ ಚರ್ಚೆಯಲ್ಲಿ ಈ ಸಾವುಗಳು ಅಡಿಟಿಪ್ಪಣಿಯಾಗಬಾರದು. ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಹೋಗಬೇಕಾದವರಿಗೆ ಸೇತುವೆ ಬೇಕೇಬೇಕಿತ್ತು. ಮುಂದೆ ಕೆಳಹರಿವಿನ ಕಡೆಬಾಗಿಲಿನಲ್ಲಿ ಬೇರೆ ಸೇತುವೆಯಾಯಿತು.

2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ನೂರಾರು ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. 2020ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಹೊಳೆಯ ನಡುಗಡ್ಡೆಯಾದ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳು ನೆಲಸಮವಾದವು. ಗಡ್ಡಿಯಲ್ಲಿ ಕಾನೂನು ಮೀರಿದ್ದು ನಿಜ. ಬಜಾರಿನಲ್ಲಿ ಮಂಟಪಗಳಿಗೆ ಗೋಡೆ ಕಟ್ಟಿಕೊಂಡದ್ದೂ ನಿಜ. ಆದರೆ ಬಜಾರು ಎಂಬುದು ಕೊಡುಕೊಳ್ಳುವ ಜನ ಇದ್ದಾಗಲೇ ಬಜಾರು. ಜನರನ್ನು ತೆಗೆದ ಮೇಲೆ ಕಂಬಗಳು ಚೊಕ್ಕಟವಾಗಿ ಕಾಣುತ್ತವೆ, ಬೀದಿ ಬಣಬಣ ಎನ್ನುತ್ತದೆ. ಅದೇ ಹಂಪಿ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದೂ ಆನೆಗೊಂದಿಯಲ್ಲಿ ಬದುಕು ಮುಂದುವರಿದಿರುವುದು ಈ ಕಾರಣಕ್ಕೇ ಗಮನಿಸಬೇಕಾದ ಸಂಗತಿ.

ಬೃಂದಾವನ ಒಡೆದ ರಾತ್ರಿ

ಊರ ಪಕ್ಕದ ನಡುಗಡ್ಡೆಯಲ್ಲಿ ನವಬೃಂದಾವನವಿದೆ. ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳ ಪೈಕಿ ನಡುವಿನದು ಕೃಷ್ಣದೇವರಾಯನ ಕಾಲದ ವ್ಯಾಸತೀರ್ಥರದು. 2019ರ ಜುಲೈನಲ್ಲಿ ನಿಧಿಯಾಸೆಗೆ ಬಿದ್ದವರು ರಾತ್ರೋರಾತ್ರಿ ಅದನ್ನು ಒಡೆದುಹಾಕಿದರು. ಸುದ್ದಿ ಹಬ್ಬುತ್ತಿದ್ದಂತೆ ಭಕ್ತರು, ಮಠಗಳವರು ಹೊಳೆ ದಾಟಿ ಬಂದು ಸೇರಿದರು. ಚದುರಿಬಿದ್ದ ಕಲ್ಲುಗಳನ್ನು ಹೊತ್ತು ಕೂಡಿಸಿ, ನೋಡನೋಡುತ್ತ ಬೃಂದಾವನವನ್ನು ಮತ್ತೆ ನಿಲ್ಲಿಸಿದರು. ಅಳತೆ ತೆಗೆದು, ನಕ್ಷೆ ಬರೆದು, ಒಂದೊಂದು ಕಲ್ಲಿಗೂ ಅಂಕಿ ಹಾಕಿ ನಿಧಾನವಾಗಿ ಜೋಡಿಸಬೇಕಿತ್ತು ಎನ್ನುವ ಸಂರಕ್ಷಣಾ ತಜ್ಞರಿದ್ದರೆ ಅವರ ಮಾತಿನಲ್ಲೂ ಹುರುಳಿದೆ. ಆದರೂ ಪೂಜೆ ನಿಂತುಹೋದ ಸ್ಮಾರಕಕ್ಕೆ ಇಷ್ಟು ಕೈಗಳು ಒಟ್ಟಾಗಿ ಬರುತ್ತಿರಲಿಲ್ಲ.

ಇನ್ನೂ ಬಗೆಹರಿಯದ್ದು

ಆನೆಗೊಂದಿಯನ್ನು ಮಾದರಿ ಎಂದು ಹಾಡಿ ಹೊಗಳಿ ಸುಮ್ಮನಾಗುವ ಹಾಗಿಲ್ಲ. ಮಕ್ಕಳಿಗೆ ಮದುವೆಯಾಗಿ ಸಂಸಾರ ಬೆಳೆದರೆ ಇನ್ನೊಂದು ಅಂತಸ್ತು ಬೇಕು. ಪಾರಂಪರಿಕ ವಲಯವಾದ್ದರಿಂದ ಹಾಗೆ ಮೇಲೆ ಕಟ್ಟಲು ಅನುಮತಿ ಸುಲಭವಲ್ಲ. ಹಳೆಯ ಮನೆಯಲ್ಲಿ ಶೌಚಾಲಯಕ್ಕೆ ಜಾಗ ಹುಡುಕಬೇಕು. ಒಳ್ಳೆಯ ತೊಲೆಗೆ ಮರ ದುಬಾರಿ, ಮೇಲ್ಮುದ್ದೆಯ ಹದ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆ. ಆರ್‌ಸಿಸಿ ಸ್ಲ್ಯಾಬ್ ಒಮ್ಮೆ ಹಾಕಿಸಿದರೆ ವರ್ಷವರ್ಷದ ತಾಪತ್ರಯ ಇಲ್ಲ. ಹೀಗಿರುವಾಗ ಮಣ್ಣಿನ ಮನೆಯಲ್ಲೇ ಇರಿ ಎಂದು ಹೇಳಲು ಊರಿನ ಹೊರಗಿನವರಿಗೆ ಸುಲಭ. ದುರಸ್ತಿಗೆ ಸಹಾಯಧನ, ಗಾರೆ ಕೆಲಸದ ತರಬೇತಿ, ಹಿತ್ತಲಲ್ಲಿ ಹೊಸ ಕೋಣೆಗೆ ಸರಳ ಅನುಮತಿ ಸಿಗದಿದ್ದರೆ ನಿಯಮದ ಭಾರವೆಲ್ಲ ಮನೆಯವರ ಹೆಗಲಿಗೇ ಬೀಳುತ್ತದೆ.

ಗೆಲುವಿನಿಂದಲೂ ಅಪಾಯವಿದೆ. ಅಂಜನಾದ್ರಿಗೆ ಬರುವ ಜನಸಾಗರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಹಳೆಯ ಮನೆಗೆ ಬೆಲೆ ಬಂದಷ್ಟೂ ಅದನ್ನು ಕೊಂಡು ಲಾಡ್ಜ್ ಮಾಡುವ ಹೊರಗಿನ ಹಣವೂ ಬರುತ್ತದೆ. ಆಗ ಕಂಬ, ತೊಲೆ, ಪಡಸಾಲೆ ಎಲ್ಲ ಉಳಿದು, ಊರವರು ಮಾತ್ರ ಊರಾಚೆಯ ಬಡಾವಣೆಯಲ್ಲಿರುತ್ತಾರೆ. ಬಜಾರಿನಲ್ಲಿ ಆದದ್ದು ಇಲ್ಲಿ ಬುಲ್ಡೋಜರ್ ಇಲ್ಲದೆಯೇ ಆದೀತು.

ಹೋಗಿ ಬರುವವರಿಗೆ

ಗಂಗಾವತಿಯಿಂದ ಆನೆಗೊಂದಿಗೆ ಹತ್ತು-ಹನ್ನೆರಡು ಕಿಲೋಮೀಟರು, ಬಸ್ಸು, ಆಟೊ ಎರಡೂ ಸಿಗುತ್ತವೆ. ಹಂಪಿಯ ಕಡೆಯಿಂದ ಬರುವವರು ತಳವಾರಘಟ್ಟದಲ್ಲಿ ಹೊಳೆ ದಾಟಬಹುದು. ಜಲಾಶಯದಿಂದ ನೀರು ಬಿಟ್ಟಾಗ ದೋಣಿ ನಿಲ್ಲುವುದರಿಂದ ಮಳೆಗಾಲದಲ್ಲಿ ಕಡೆಬಾಗಿಲು ಸೇತುವೆಯೇ ಗಟ್ಟಿ. ನವೆಂಬರಿನಿಂದ ಫೆಬ್ರುವರಿ ಸುತ್ತಾಟಕ್ಕೆ ಹಿತ. ಹುಚ್ಚಪ್ಪಯ್ಯನ ಮಠದ ಚಿತ್ರಗಳಿಗೆ ಫ್ಲ್ಯಾಷ್ ಹಾಕಬೇಡಿ, ಒನಕೆ ಕಿಂಡಿಯ ಬಂಡೆಗಳನ್ನು ಮುಟ್ಟಬೇಡಿ. ಊರವರ ಮನೆಯಲ್ಲೇ ಉಳಿಯಿರಿ, ಊರವರನ್ನೇ ಮಾರ್ಗದರ್ಶಿಯಾಗಿ ಕರೆದೊಯ್ಯಿರಿ. ನೀವು ಕೊಟ್ಟ ಹಣದಲ್ಲಿ ಒಂದು ಪಾಲು ಮುಂದಿನ ಬೇಸಿಗೆಗೆ ಯಾವುದೋ ಮಾಳಿಗೆಯ ಕರಲು ಮಣ್ಣಿಗೆ ಹೋದರೆ ಸಾಕು.