ಗುಜರಿಯಿಂದ ಎದ್ದ ಲಿಬರೇಟರ್: ಬಿಡಿಭಾಗದ ಲೆಕ್ಕ ತಪ್ಪಿದರೆ ವಿಮಾನ ಏರದು

ಯುದ್ಧವಿಮಾನ ಎಂದ ಕೂಡಲೇ ನಮ್ಮ ಕಣ್ಣೆದುರು ಬರುವವನು ಪೈಲಟ್. ಅದು ಸಹಜ. ಪ್ರಾಣವನ್ನು ಪಣಕ್ಕಿಟ್ಟು ಹಾರುವವನು ಅವನೇ. ಆದರೆ ಆ ವಿಮಾನ ನೆಲ ಬಿಡುವ ಮೊದಲು ಅದರ ನಟ್ಟು ಬೋಲ್ಟುಗಳನ್ನು ಪರೀಕ್ಷಿಸಿ ಸಹಿ ಹಾಕಿದ ತಂತ್ರಜ್ಞ, ಬೇಕಾದ ಬಿಡಿಭಾಗವನ್ನು ಹೊತ್ತಿಗೆ ಸರಿಯಾಗಿ ಉಗ್ರಾಣದಿಂದ ತೆಗೆದುಕೊಟ್ಟ ಸ್ಟೋರ್‌ಕೀಪರ್, ಇವರಿಗೆ ಹಾರ ತುರಾಯಿ ಹಾಕುವವರು ಕಡಿಮೆ. ಈ ತೆರೆಮರೆಯ ದುಡಿಮೆಯ ಚರಿತ್ರೆಯಲ್ಲಿ ನಮ್ಮ ಮುಂಬಯಿಗೂ ಬೆಂಗಳೂರಿಗೂ ದೊಡ್ಡ ಪಾಲಿದೆ ಎಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ.

ಮುಂಬಯಿಯ ಉದ್ಯಮಿ, ಮೈಸೂರಿನ ನೆಲ

ಸೊಲ್ಲಾಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಉದ್ಯಮ ಕಟ್ಟಿದ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಇಂದಿನ ಎಚ್‌ಎಎಲ್‌ನ ಮೂಲ ಇದೇ. ಉದ್ದೇಶ ವಿಮಾನ ತಯಾರಿಕೆ. ಆದರೆ ಎರಡನೇ ಮಹಾಯುದ್ಧದ ಕಾಲ ಅದು. 1942ರಲ್ಲಿ ವಾಲ್‌ಚಂದ್ ಅವರ ಪಾಲನ್ನು ಸರಕಾರ ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ, 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ ದೊಡ್ಡ ದುರಸ್ತಿ ಕೇಂದ್ರವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಹೀಗೆ ನಮ್ಮವರು ವಿಮಾನ ಕಟ್ಟುವುದಕ್ಕಿಂತ ಹೆಚ್ಚಾಗಿ, ಕಳಚಿ, ತೊಳೆದು, ತಪಾಸಣೆ ಮಾಡಿ ಮತ್ತೆ ಜೋಡಿಸುವ ವಿದ್ಯೆಯನ್ನು ಮೊದಲು ಕಲಿತರು. ಆ ವಿದ್ಯೆ ಕೆಲವೇ ವರ್ಷಗಳಲ್ಲಿ ದೇಶಕ್ಕೆ ನೆರವಾಯಿತು.

ಕಾನ್ಪುರದ ಬಯಲಿನಲ್ಲಿ

ಯುದ್ಧ ಮುಗಿದಾಗ ಅಮೆರಿಕದಿಂದ ಎರವಲಾಗಿ ಬಂದಿದ್ದ ಬಿ-24 ಲಿಬರೇಟರ್ ಎಂಬ ನಾಲ್ಕು ಎಂಜಿನ್‌ಗಳ ಬಾಂಬರುಗಳನ್ನು ಬ್ರಿಟಿಷರು ಕಾನ್ಪುರದಲ್ಲಿ ರಾಶಿ ಹಾಕಿದರು. ಒಪ್ಪಂದದ ಪ್ರಕಾರ ಅವುಗಳನ್ನು ಹಿಂದಿರುಗಿಸಬೇಕು, ಇಲ್ಲವೇ ನಾಶ ಮಾಡಬೇಕು. ಆದ್ದರಿಂದ ಯಾರೂ ಬಳಸಬಾರದೆಂದು ಕೆಲವಕ್ಕೆ ವಾಹನಗಳಿಂದ ಗುದ್ದಿಸಿದರು, ಎಂಜಿನ್‌ಗಳಿಗೆ ಮರಳು ಸುರಿದರು.

ಸ್ವಾತಂತ್ರ್ಯ ಬಂತು, ಬೆನ್ನಿಗೇ ಕಾಶ್ಮೀರದ ಯುದ್ಧವೂ ಬಂತು. ಭಾರತದ ಬಳಿ ಭಾರೀ ಬಾಂಬರ್ ಇರಲಿಲ್ಲ. ಆಗ ಬೆಂಗಳೂರಿನ ಎಚ್‌ಎಎಲ್ ಸಿಬ್ಬಂದಿ ಕಾನ್ಪುರಕ್ಕೆ ಹೋಗಿ ಆ ಗುಜರಿಯನ್ನು ಕೆದಕಿದರು. ಒಂದರ ಚಕ್ರ, ಮತ್ತೊಂದರ ಮೀಟರು, ಇನ್ನೊಂದರ ಎಂಜಿನ್ ಹೀಗೆ ಹೊಂದಿಸಿ, ಬೆಂಗಳೂರಿನವರೆಗೆ ಒಂದು ಬಾರಿ ಹಾರುವಷ್ಟು ಮಾತ್ರ ಸರಿಪಡಿಸಿದರು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಶಿ ಅವರು ಒಂದೊಂದಾಗಿ 42 ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ತಂದರು. ಅಲ್ಲಿ ಅವುಗಳಿಗೆ ಪೂರ್ಣ ದುರಸ್ತಿ ಆಯಿತು. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಸಜ್ಜಾಯಿತು. 1968ರ ಕೊನೆಯವರೆಗೆ, ಅಂದರೆ ಇಪ್ಪತ್ತು ವರ್ಷ, ಲಿಬರೇಟರ್‌ಗಳು ದೇಶದ ಸೇವೆ ಮಾಡಿದವು. ಅವುಗಳಲ್ಲಿ ಕೆಲವು ಇಂದು ಬ್ರಿಟನ್, ಅಮೆರಿಕ, ಕೆನಡಾಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಬ್ರಿಟಿಷರು ಒಡೆದು ಹಾಕಿದ್ದನ್ನು ನಾವು ರಿಪೇರಿ ಮಾಡಿ, ಇಪ್ಪತ್ತು ವರ್ಷ ಬಳಸಿ, ಮತ್ತೆ ಅವರ ದೇಶಕ್ಕೇ ಪ್ರದರ್ಶನಕ್ಕೆ ಕೊಟ್ಟೆವು!

ಪ್ರತಿ ಬಿಡಿಭಾಗಕ್ಕೂ ಒಂದು ಖಾತೆ

ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದ ನನ್ನಂಥ ಬ್ಯಾಂಕ್ ಗುಮಾಸ್ತನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲು ಕಾರಣ ಅದರ ಲೆಕ್ಕಪತ್ರ. ವಿಮಾನದ ಮುಖ್ಯ ಬಿಡಿಭಾಗಗಳಿಗೆ ನಮ್ಮ ಉಳಿತಾಯ ಖಾತೆಯಂತೆ ಒಂದೊಂದು ನಂಬರು, ಒಂದೊಂದು ದಾಖಲೆ ಇರುತ್ತದೆ. ಯಾವ ದಿನ ಜೋಡಿಸಿದರು, ಎಷ್ಟು ಗಂಟೆ ಹಾರಿತು, ಇನ್ನೆಷ್ಟು ಗಂಟೆ ಆಯುಷ್ಯ ಉಳಿದಿದೆ ಎಂಬುದೆಲ್ಲ ಅದರಲ್ಲಿರಬೇಕು. ಒಂದು ವಿಮಾನದಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಒಂದರ ಲೆಕ್ಕದಲ್ಲಿ ಖರ್ಚು, ಇನ್ನೊಂದರಲ್ಲಿ ಜಮೆ. ದಾಖಲೆ ಇಲ್ಲದ ಭಾಗ ಹೊಳೆಯುತ್ತಿದ್ದರೂ ಬಳಸುವಂತಿಲ್ಲ. ಅದರ ವಯಸ್ಸು ಎಷ್ಟೆಂದು ಹೇಳುವವರು ಯಾರು?

ದುರಸ್ತಿಯಲ್ಲೂ ಮೆಟ್ಟಿಲುಗಳಿವೆ. ಹಾರಾಟಕ್ಕೆ ಮುಂಚೆ, ಎರಡು ಹಾರಾಟಗಳ ನಡುವೆ, ದಿನದ ಕೊನೆಗೆ ನಡೆಯುವ ತಪಾಸಣೆ ಮೊದಲನೆಯದು. ನಿಗದಿತ ಗಂಟೆಗಳು ತುಂಬಿದಾಗ ವಾಯುನೆಲೆಯಲ್ಲೇ ನಡೆಯುವ ಸರ್ವಿಸಿಂಗ್ ಎರಡನೆಯದು. ವಿಮಾನವನ್ನು ಪೂರ್ತಿ ಬಿಚ್ಚಿ ನೋಡುವ ಓವರ್‌ಹಾಲ್ ಅದಕ್ಕೂ ಮೇಲಿನದು. ಅದು ಬೇಸ್ ರಿಪೇರಿ ಡಿಪೋ ಅಥವಾ ಎಚ್‌ಎಎಲ್‌ನಲ್ಲಿ ನಡೆಯುತ್ತದೆ. ಇದೆಲ್ಲದರ ಉಸ್ತುವಾರಿ ನಾಗಪುರದಲ್ಲಿ ಕೇಂದ್ರವಿರುವ ವಾಯುಪಡೆಯ ಮೇಂಟೆನೆನ್ಸ್ ಕಮಾಂಡ್‌ನದು. ವಿಮಾನದ ಸ್ಥಿತಿಗತಿ ಬರೆಯುವ ಪುಸ್ತಕಕ್ಕೆ ಫಾರ್ಮ್ 700 ಎನ್ನುತ್ತಾರೆ. ಕೆಲಸ ಮಾಡಿದವರು ಅದರಲ್ಲಿ ಸಹಿ ಹಾಕಬೇಕು, ಪೈಲಟ್ ಓದಿ ಸಹಿ ಹಾಕಿದ ಮೇಲೆಯೇ ವಿಮಾನ ಅವನ ವಶ. ದಿಕ್ಕು ಬದಲಿಸುವ ನಿಯಂತ್ರಣ ಭಾಗಗಳನ್ನು ಮುಟ್ಟಿದರೆ ಇನ್ನೊಬ್ಬರು ಬೇರೆಯಾಗಿ ಪರೀಕ್ಷಿಸಬೇಕು. ಬ್ಯಾಂಕಿನಲ್ಲಿ ಒಬ್ಬ ನಮೂದಿಸಿದ್ದನ್ನು ಇನ್ನೊಬ್ಬ ಪಾಸ್ ಮಾಡುವ ಪದ್ಧತಿಯಂತೆಯೇ ಇದು. ವ್ಯತ್ಯಾಸವೆಂದರೆ, ನಮ್ಮ ತಪ್ಪು ಮರುದಿನ ಸರಿಪಡಿಸಬಹುದು. ಅಲ್ಲಿ ಮರುದಿನ ಎಂಬುದೇ ಇಲ್ಲದಿರಬಹುದು. ಕೆಲಸ ಮುಗಿದಾಗ ಉಪಕರಣಗಳನ್ನು ಎಣಿಸುತ್ತಾರೆ. ಒಂದು ಸ್ಪ್ಯಾನರ್ ಕಡಿಮೆ ಬಂದರೂ ಅದು ಸಿಗುವ ತನಕ ವಿಮಾನ ಹಾರುವಂತಿಲ್ಲ.

ಉಗ್ರಾಣದ ಕಷ್ಟ

ಸ್ಟೋರ್‌ಕೀಪರನದು ಕತ್ತಿಯ ಅಲಗಿನ ಮೇಲಿನ ನಡಿಗೆ. ಹೆಚ್ಚು ಮಾಲು ತರಿಸಿದರೆ ಸರಕಾರದ ಹಣ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ರಬ್ಬರಿನ ಸೀಲು, ಹೋಸ್ ಪೈಪುಗಳಿಗೆ ಬಳಸದಿದ್ದರೂ ವಯಸ್ಸಾಗುತ್ತದೆ, ಅವಧಿ ಮುಗಿದ ಮೇಲೆ ಬಿಸಾಡಬೇಕು. ಕಡಿಮೆ ತರಿಸಿದರೆ ಸಣ್ಣದೊಂದು ಸೀಲಿಗಾಗಿ ಕೋಟಿಗಟ್ಟಲೆ ಬೆಲೆಯ ವಿಮಾನ ನೆಲದಲ್ಲೇ ಕೂರುತ್ತದೆ. ಯಾವ ಭಾಗ ಯಾವಾಗ ಕೆಡುತ್ತದೆ ಎಂಬುದನ್ನು ಹಳೆಯ ದಾಖಲೆ ನೋಡಿ ಅಂದಾಜು ಮಾಡಬೇಕು. ಕೆಲವು ಭಾಗಗಳು ಆರ್ಡರ್ ಕೊಟ್ಟು ಒಂದೆರಡು ವರ್ಷ ಕಾದರೂ ಬರುವುದಿಲ್ಲ.

ತುರ್ತು ಬಂದಾಗ ನಿಂತ ವಿಮಾನದಿಂದ ಭಾಗ ಕಿತ್ತು ಇನ್ನೊಂದಕ್ಕೆ ಹಾಕುವುದುಂಟು. ಕಾನ್ಪುರದಲ್ಲಿ ಬೇರೆ ದಾರಿಯೇ ಇರಲಿಲ್ಲ. ಆದರೆ ಇದೇ ರೂಢಿಯಾದರೆ ನಷ್ಟ. ಕಳಚುವ ಕೆಲಸ, ಜೋಡಿಸುವ ಕೆಲಸ ಎರಡೆರಡು ಸಲ. ಒಳ್ಳೆಯ ಭಾಗವೂ ಕಳಚುವಾಗ ಹಾಳಾಗಬಹುದು. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ಕಾರ್ಖಾನೆ ಪರದೇಶದಲ್ಲಿದ್ದರೆ

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ನಮಗೆ ಬಿಡಿಭಾಗ ಕೊಡುತ್ತಿದ್ದ ಕಾರ್ಖಾನೆಗಳು ಬೇರೆ ಬೇರೆ ದೇಶಗಳ ಪಾಲಾದವು. ಎಎನ್-32 ಸಾಗಣೆ ವಿಮಾನದ ಮೂಲ ಉಕ್ರೇನ್. ಅವುಗಳ ಆಧುನೀಕರಣಕ್ಕೆ 2009ರಲ್ಲಿ ಒಪ್ಪಂದವಾಗಿ, ಕೆಲವು ಅಲ್ಲೇ ಸಿದ್ಧವಾಗಿ ಬಂದವು. ಉಳಿದವನ್ನು ಕಾನ್ಪುರದ ಡಿಪೋದಲ್ಲಿ ಮಾಡಬೇಕಿತ್ತು. 2014ರಲ್ಲಿ ರಷ್ಯ ಮತ್ತು ಉಕ್ರೇನ್ ನಡುವೆ ಸಂಘರ್ಷ ಆರಂಭವಾದ ಮೇಲೆ ಬಿಡಿಭಾಗಗಳ ಪೂರೈಕೆಗೆ ಪೆಟ್ಟು ಬಿದ್ದು ಆ ಕೆಲಸ ಹಿಂದುಳಿಯಿತು.

ಸುಖೋಯ್-30 ವಿಮಾನಗಳ ಬಗ್ಗೆ ಮಹಾಲೇಖಪಾಲರ 2015ರ ವರದಿ ಹೇಳಿದ್ದು ಇನ್ನೂ ಸ್ಪಷ್ಟ. ಶೇ. 75ರಷ್ಟು ಹಾರಾಟಕ್ಕೆ ಸಿದ್ಧವಿರಬೇಕಾದಲ್ಲಿ ಸಿಗುತ್ತಿದ್ದದ್ದು ಶೇ. 55ರಿಂದ 60. ನೂರು ವಿಮಾನಕ್ಕೆ ಲೆಕ್ಕ ಹಾಕಿದರೆ ಹದಿನೈದರಿಂದ ಇಪ್ಪತ್ತು ಕಡಿಮೆ. ಅಂದರೆ ಹಣ ಕೊಟ್ಟು ತಂದ ಒಂದು ಪೂರ್ಣ ಸ್ಕ್ವಾಡ್ರನ್‌ನಷ್ಟು ವಿಮಾನ ಶತ್ರುವಿನ ಗುಂಡು ತಗಲದೆಯೇ ನಿಂತಂತೆ!

ಇದಕ್ಕೆ ಉತ್ತರ ನಮ್ಮ ನಾಸಿಕ್ ಬಳಿಯ ಓಝರ್‌ನಲ್ಲೂ ಸಿದ್ಧವಾಗುತ್ತಿದೆ. ಅಲ್ಲಿನ 11ನೇ ಬೇಸ್ ರಿಪೇರಿ ಡಿಪೋ 2018ರಲ್ಲಿ ತಾನೇ ಓವರ್‌ಹಾಲ್ ಮಾಡಿದ ಮೊದಲ ಸುಖೋಯ್-30 ವಿಮಾನವನ್ನು ಹಾರಿಸಿತು. ಸಣ್ಣ ಉದ್ದಿಮೆಗಳಿಂದ ದೇಶದಲ್ಲೇ ಬಿಡಿಭಾಗ ಮಾಡಿಸುವ ಕೆಲಸವೂ ನಡೆದಿದೆ. 1963ರಲ್ಲಿ ಸೇವೆಗೆ ಬಂದ ಮಿಗ್-21 ತಳಿಯ ವಿಮಾನಗಳು 2025ರ ಸೆಪ್ಟೆಂಬರ್ 26ರವರೆಗೆ, ಅಂದರೆ 62 ವರ್ಷ, ವಾಯುಪಡೆಯಲ್ಲಿ ಉಳಿದದ್ದರ ಹಿಂದೆ ಇಂಥ ಕೈಗಳ ದುಡಿಮೆ ಇದೆ. ಆದರೆ ದೇಶದಲ್ಲಿ ಜೋಡಿಸಿದರೆ ಸಾಲದು. ಬೆಂಗಳೂರಿನ ತೇಜಸ್ ಮಾರ್ಕ್-1ಎ ವಿಮಾನಗಳಿಗೆ 2021ರಲ್ಲಿ ಅಮೆರಿಕಕ್ಕೆ ಆರ್ಡರ್ ಕೊಟ್ಟ ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು 2025ರಲ್ಲಿ. ಎಂಜಿನ್ ಪರರದಾದರೆ ವೇಳಾಪಟ್ಟಿಯೂ ಪರರದೇ.

ಸಂಘಗಳು ಮಾಡಬಹುದಾದದ್ದು

ವಾಯುಸೈನಿಕರಿಗೆ ಮೂಲ ತರಬೇತಿ ಕೊಡುವ ಶಾಲೆ ಬೆಳಗಾವಿಯ ಸಾಂಬ್ರಾದಲ್ಲಿದೆ. ತಾಂತ್ರಿಕ ಅಧಿಕಾರಿಗಳನ್ನು ತಯಾರು ಮಾಡುವ ಕಾಲೇಜು ಬೆಂಗಳೂರಿನ ಜಾಲಹಳ್ಳಿಯಲ್ಲಿದೆ. ಆದರೂ ಹೊರನಾಡ ಕನ್ನಡಿಗರ ಮಕ್ಕಳಿಗೆ ಈ ಕ್ಷೇತ್ರದ ಮಾಹಿತಿ ಕಡಿಮೆ. ಸಂಘಗಳು ಪ್ರತಿಭಾ ಪುರಸ್ಕಾರದ ದಿನವೇ ಒಂದು ತಾಸು ಮೀಸಲಿಟ್ಟು, ವಾಯುಪಡೆಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್, ಸ್ಟೋರ್‌ಕೀಪರ್ ಆಗಿ ದುಡಿದು ನಿವೃತ್ತರಾದ ನಮ್ಮವರನ್ನು ಕರೆಸಿ ಮಾತನಾಡಿಸಬಹುದು. 2022ರಿಂದ ಸೈನಿಕ ಮಟ್ಟದ ಸೇರ್ಪಡೆ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಕ್ಕೆ ನಡೆಯುತ್ತಿರುವುದರಿಂದ, ಅದರ ಸಾಧಕ ಬಾಧಕಗಳನ್ನೂ ಮಕ್ಕಳಿಗೂ ಪೋಷಕರಿಗೂ ಮುಚ್ಚುಮರೆಯಿಲ್ಲದೆ ತಿಳಿಸುವುದು ಒಳ್ಳೆಯದು.

ಶಾಲು ಹೊದಿಸಿ ಫಲಪುಷ್ಪ ಕೊಡುವಾಗ ಪೈಲಟ್‌ನ ಪಕ್ಕದಲ್ಲಿ ಒಬ್ಬ ಫಿಟ್ಟರನಿಗೂ ಒಂದು ಕುರ್ಚಿ ಇರಲಿ. ಅವನ ಸಹಿ ಇಲ್ಲದೆ ಯಾವ ವಿಮಾನವೂ ಹಾರಿಲ್ಲ.